ದೋಷ ಕಂಡುಬಂದಿಲ್ಲ

ಪರದೆಯ ಮೇಲೆ ಮತ್ತೆ ಅದೇ ಸಾಲು ಮೂಡಿತು: ದೋಷ ಕಂಡುಬಂದಿಲ್ಲ. ದಿಂಗ್‌ಯುವಾನ್ ಸ್ಟೀರಿಂಗಿನ ಕೆಳಗಿನಿಂದ ಸ್ಕ್ಯಾನರಿನ ವೈರನ್ನು ಕಿತ್ತು, ಅದರ ಮೂತಿಯನ್ನು ಅಂಗಿಯ ತುದಿಗೆ ಒರೆಸಿ, ಮತ್ತೆ ಚುಚ್ಚಿದ. ಒರೆಸಿದರೆ ಸತ್ಯ ಹೊರಬರುತ್ತದೆ ಎಂದೇನೂ ಅವನು ನಂಬಿರಲಿಲ್ಲ. ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತ, ಕಾರಿನ ಯಜಮಾನ ವೆಂಗ್ ದೊಡ್ಡಪ್ಪನ ಕಣ್ಣು ತನ್ನ ಕೈಮೇಲೇ ಇದೆ, ಕೈ ಏನಾದರೂ ಮಾಡುತ್ತಿರಬೇಕು, ಅಷ್ಟೆ. ತೈವಾನಿನ ಬಂದರೂರು ಕೀಲುಂಗಿನ ಮಳೆ ಗ್ಯಾರೇಜಿನ ತಗಡಿನ ಮೇಲೆ ಎಂದಿನಂತೆ ತನ್ನ ಪಾಡಿಗೆ ತಾನು ಗೊಣಗುತ್ತಿತ್ತು. ದೊಡ್ಡಪ್ಪ ಇಂದೂ ಬಂದಿದ್ದ, ಸಿಟಿ ಬಸ್ಸು ಓಡಿಸುತ್ತಿದ್ದ ಕಾಲದ ಅದೇ ನೀಲಿ ಜಾಕೀಟು ತೊಟ್ಟು, ಕೈಯಲ್ಲಿ ಹಬೆಯಾಡುವ ಎರಡು ಬನ್ನು ಹಿಡಿದು. ಒಂದು ತನಗೆ, ಒಂದು ದಿಂಗ್‌ಯುವಾನನಿಗೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾಲರ್ ಹಿಡಿದು ಎರಡು ಬಿಗಿದಿದ್ದರೆ ಅದಕ್ಕೊಂದು ಡೈಲಾಗು ಅವನ ಬಳಿ ತಯಾರಿತ್ತು. ಬನ್ನು ಕೊಡುವವನಿಗೆ ಏನು ಡೈಲಾಗು ಹೊಡೆಯುವುದು?

ಎಲ್ಲದಕ್ಕೂ ಮೂಲ ಒಂದು ಡೈಲಾಗೇ. ಕಾರು ಮೊದಲ ಸಲ ಗ್ಯಾರೇಜಿಗೆ ಬಂದಾಗ ದೊಡ್ಡಪ್ಪನ ಮಗಳು ಪೆಯ್‌ರು ಫೋನು ಮಾಡಿದ್ದಳು. ಆಗ ಮಾಲೀಕ ಚ್ವಾಂಗ್ ಪಕ್ಕದಲ್ಲಿ ನೂಡಲ್ಸು ಸುರಿಯುತ್ತಿದ್ದ, ಒಬ್ಬ ಟ್ಯಾಕ್ಸಿಯವನು ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದ. ಪ್ರೇಕ್ಷಕರಿದ್ದರೆ ದಿಂಗ್‌ಯುವಾನನ ನಾಲಿಗೆಗೆ ತಾನಾಗಿಯೇ ಬೆಳಕು ಬೀಳುತ್ತದೆ. ಚಿಕ್ಕಪ್ಪನ ವೀಡಿಯೋ ಅಂಗಡಿಯಲ್ಲಿ ಬೆಳೆದವನು ಅವನು. ಅಮ್ಮನ ಹೆಣದ ಮುಂದೆ ನಿಂತಾಗಲೂ ಯಾವುದೋ ನಾಯಕ ಕೊನೆಯ ರೀಲಿನಲ್ಲಿ ಹೇಳುವಂಥ ಮಾತು ಗಂಟಲವರೆಗೆ ಬಂದು, ಅದನ್ನು ನುಂಗಿಕೊಳ್ಳಲು ಕೆಮ್ಮಿದ್ದ, ನೆಂಟರು ಅಳು ಎಂದುಕೊಂಡಿದ್ದರು. ಅವತ್ತು ಸ್ಕ್ಯಾನರು ಚುಚ್ಚಿ, ಒಂದೇ ಒಂದು ಸಲ ಪರದೆ ನೋಡಿ, ಫೋನಿನಲ್ಲಿ ಹೇಳಿದ್ದ: "ಅಕ್ಕಾ, ಕಂಪ್ಯೂಟರ್ ಸುಳ್ಳು ಹೇಳಲ್ಲ. ತಪ್ಪು ಪೆಡಲ್ ತುಳಿಯೋಕೆ ಅದಕ್ಕೆ ಕಾಲೇ ಇಲ್ಲ!" ಚ್ವಾಂಗ್ ಶಿಳ್ಳೆ ಹೊಡೆದ. ಟ್ಯಾಕ್ಸಿಯವನು ಹಲ್ಲುಕಡ್ಡಿ ಬೀಳಿಸಿಕೊಂಡು ನಕ್ಕ. ಫೋನಿನ ಆ ಕಡೆ ಮಾತ್ರ ಯಾರೂ ನಗಲಿಲ್ಲ. ಆಮೇಲೆ ಗೊತ್ತಾಯಿತು, ಪೆಯ್‌ರು ಅದೇ ಮಾತನ್ನು ಅಕ್ಷರ ಬಿಡದೆ ತಂದೆಯ ಮುಖದ ಮೇಲೆ ಹೇಳಿದ್ದಳಂತೆ, ಆಸ್ಪತ್ರೆಯ ವರಾಂಡದಲ್ಲಿ, ಮಗನ ಕಾಲಿಗೆ ರಾಡು ಹಾಕುತ್ತಿದ್ದಾಗ. ಅವತ್ತಿನಿಂದ ತಂದೆಯ ಜೊತೆ ಮಾತು ಬಿಟ್ಟಿದ್ದಳು.

ದೊಡ್ಡಪ್ಪ ಹೇಳುತ್ತಿದ್ದುದು ಒಂದೇ. ಮೊಮ್ಮಗನನ್ನು ಶಾಲೆಯಿಂದ ಕರೆತರುತ್ತಿದ್ದೆ, ಗುಡ್ಡದ ಇಳಿಜಾರು, ಎಂಜಿನ್ನು ಇದ್ದಕ್ಕಿದ್ದಂತೆ ಸುಮ್ಮನಾಯಿತು, ಬ್ರೇಕು ತುಳಿದರೆ ಪೆಡಲು ಕಲ್ಲಾಯಿತು. ನಿಂತಿದ್ದ ನೀಲಿ ಲಾರಿಯ ಹಿಂಭಾಗಕ್ಕೆ ಕಾರು ಹೋಗಿ ಗುದ್ದಿತು. ಪೊಲೀಸರು ಬಂದು ಕೀ ತಿರುಗಿಸಿದರೆ ಮೊದಲ ಸಲಕ್ಕೇ ಸ್ಟಾರ್ಟು. ಗಾಜಿಗೆ ಅಂಟಿಸಿದ್ದ ಕ್ಯಾಮೆರಾ ಲಾರಿ ದೊಡ್ಡದಾಗುತ್ತ ಬರುವುದನ್ನು ನೋಡಿತ್ತೇ ಹೊರತು ಮುದುಕನ ಪಾದವನ್ನು ನೋಡಿರಲಿಲ್ಲ. ಈ ಊರಲ್ಲಿ ವಯಸ್ಸಾದವರು ಬ್ರೇಕೆಂದು ಆಕ್ಸಿಲರೇಟರು ತುಳಿಯುವುದು ಹೊಸದೂ ಅಲ್ಲ. ಹಾಗಾಗಿ ದೊಡ್ಡಪ್ಪನ ಕಡೆಗೆ ಉಳಿದದ್ದು ದೊಡ್ಡಪ್ಪನ ಮಾತು ಮಾತ್ರ. ನಿನ್ನೆ ಪೆಯ್‌ರು ಮತ್ತೆ ಫೋನು ಮಾಡಿದ್ದಳು. ಧ್ವನಿ ಬೇರೆಯಾಗಿತ್ತು. "ಇನ್ನೊಂದ್ಸಲ ಸರಿಯಾಗಿ ನೋಡಪ್ಪ. ಮಗ ಹೇಳ್ತಿದಾನೆ, ತಾತ ಜೋರಾಗಿ ಬ್ರೇಕ್ ಬ್ರೇಕ್ ಅಂತ ಕಿರುಚ್ತಾ ಇದ್ರಂತೆ. ಕಾರಿಂದೇ ತಪ್ಪು ಅಂತಾದ್ರೆ ಹೇಳು. ನಾನು ಅಪ್ಪನ ಕಾಲಿಗೆ ಬೀಳ್ತೀನಿ. ಇಲ್ಲಾಂದ್ರೆ ನಾಳೆ ಸಂಜೆ ಕೀ ಇಸ್ಕೊಂಡು ಹೋಗ್ತೀನಿ, ಅಷ್ಟೇ."

ಸಂಜೆಯೊಳಗೆ ಹೇಳಬೇಕು. ದಿಂಗ್‌ಯುವಾನ್ ವೈರುಗಳನ್ನು ಒಂದೊಂದಾಗಿ ಅಲುಗಾಡಿಸಿದ, ರಿಲೇಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದ, ಎಂಜಿನ್ನು ಕಾಯುವವರೆಗೆ ಓಡಿಸಿದ. ಅದು ನಿದ್ದೆ ಹೋದ ಮಗುವಿನಂತೆ ಒಂದೇ ಸಮನೆ ಉಸಿರಾಡಿತು. ಎಂಜಿನ್ ಕಂಪ್ಯೂಟರು ಎಂಬುದು ಕಚೇರಿಯ ಚಾಡಿಕೋರ ಗುಮಾಸ್ತನ ಹಾಗೆ. ಯಾರು ಕೆಮ್ಮಿದರು, ಯಾರು ತಡವಾಗಿ ಬಂದರು, ಎಲ್ಲರ ಮೇಲೂ ಬರೆದಿಡುತ್ತದೆ. ಆದರೆ ಆ ಗುಮಾಸ್ತನೇ ಮೂರ್ಛೆ ಬಿದ್ದರೆ? ಎದ್ದು ಕೂತು, ಮುಖ ಒರೆಸಿಕೊಂಡು, ಏನೂ ಆಗಿಲ್ಲ ಸಾರ್ ಎನ್ನುತ್ತಾನೆ. ಮೂರ್ಛೆಯಲ್ಲಿದ್ದವನಿಗೆ ಮೂರ್ಛೆ ನೆನಪಿರುವುದಿಲ್ಲ. ಈ ಯೋಚನೆ ಅವನಿಗೆ ಮೊದಲ ದಿನವೇ ಬಂದಿತ್ತು. ಕಂಪ್ಯೂಟರಿನ ಪೆಟ್ಟಿಗೆ ಇರುವುದು ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗಿನ ತೊಟ್ಟಿಯಲ್ಲಿ. ಅದನ್ನು ನೋಡಬೇಕಾದರೆ ವೈಪರು ಬಿಚ್ಚಬೇಕು, ತುಕ್ಕು ಹಿಡಿದ ನಟ್ಟುಗಳ ಜೊತೆ ಗುದ್ದಾಡಬೇಕು. ಅವತ್ತು ಹಸಿವಾಗಿತ್ತು. ಹಸಿವಾಗಿತ್ತೋ, ಹೊಡೆದ ಡೈಲಾಗಿಗೆ ಶಿಳ್ಳೆ ಬಿದ್ದಮೇಲೆ ಮತ್ತೆ ಬಗ್ಗಿ ನೋಡುವುದು ಅವಮಾನ ಎನಿಸಿತ್ತೋ.

"ಏನ್ ಹೀರೋ, ಕ್ಲೈಮ್ಯಾಕ್ಸ್ ಯಾವಾಗ?" ಚ್ವಾಂಗ್ ಹೊಟ್ಟೆ ಸವರಿಕೊಳ್ಳುತ್ತ ಬಂದ. "ಆ ಡಬ್ಬ ಹೊರಗೆ ಹಾಕು. ಟ್ಯಾಕ್ಸಿ ಒಳಗೆ ತಗೋಬೇಕು. ನಾನು ಸ್ವಲ್ಪ ಕಣ್ಮುಚ್ತೀನಿ, ಎಬ್ಬಿಸಿದ್ರೆ ಕೊಲೆ."

"ಇವತ್ತು ಸಿಗತ್ತೆ ಮಾಲೀಕ್ರೆ."

"ಸಿಗೋದೇನು? ಅದ್ರಲ್ಲಿ ಏನಾದ್ರೂ ಇದ್ರೆ ತಾನೆ ಸಿಗೋದು. ನೀನೇ ಹೇಳ್ಲಿಲ್ವೇನೋ, ಅದೇನದು, ಕಾಲೇ ಇಲ್ಲ ಅಂತ!" ಚ್ವಾಂಗ್ ಆ ಡೈಲಾಗನ್ನು ಮುದುಕನೆದುರೇ ಇನ್ನೊಮ್ಮೆ, ಧ್ವನಿ ಅನುಕರಿಸಿ ಹೇಳಿ, ಒಳಕೋಣೆಗೆ ಹೋದ. ದೊಡ್ಡಪ್ಪ ಬನ್ನಿನ ಕಾಗದವನ್ನು ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ ಮಡಚುತ್ತಿದ್ದ. ದಿಂಗ್‌ಯುವಾನನ ಕಿವಿ ಬಿಸಿಯಾಯಿತು. ತಾನು ಹೇಳಿದ್ದಕ್ಕಿಂತ ಚ್ವಾಂಗ್ ಹೇಳಿದ್ದೇ ಚೆನ್ನಾಗಿತ್ತು ಎಂದು ಒಳಗಿನ ಯಾವುದೋ ಹಾಳು ಮೂಲೆ ಹೇಳಿದ್ದರಿಂದ ಇನ್ನೂ ಬಿಸಿಯಾಯಿತು.

ಹೊರಗಿನ ರಸ್ತೆ ಬಂದರಿನ ಕಡೆಗೆ ಜಾರುತ್ತದೆ. ಕಾರನ್ನು ಹಿಮ್ಮುಖವಾಗಿ ತೆಗೆದು, ತಿರುಗಿಸಿ, ಮೂತಿ ಕೆಳಗೆ ಮಾಡಿ ಸ್ವಲ್ಪ ದೂರ ಇಳಿಸಿ ನಿಲ್ಲಿಸಬೇಕು. ದೊಡ್ಡಪ್ಪ ಕರೆಯದೆಯೇ ಬಂದು ಪಕ್ಕದ ಸೀಟಿನಲ್ಲಿ ಕೂತ. ಬೆಲ್ಟು ಹಾಕಿಕೊಂಡ. ವೈಪರು ಎರಡು ಸಲ ಗಾಜು ಒರೆಸಿತು, ಮೂರನೆಯದಕ್ಕೆ ಅರ್ಧ ದಾರಿಯಲ್ಲಿ ಎಂಜಿನ್ನು ಇಲ್ಲವಾಯಿತು. ಕೆಮ್ಮಲಿಲ್ಲ, ನಡುಗಲಿಲ್ಲ. ಇದ್ದದ್ದು ಇಲ್ಲವಾಯಿತು. ಮಳೆಯ ಸದ್ದು ಒಮ್ಮೆಲೇ ಕಾರಿನೊಳಗೇ ಬಂದಂತಾಯಿತು. ದಿಂಗ್‌ಯುವಾನ್ ಬ್ರೇಕು ತುಳಿದ, ಒಮ್ಮೆ ಹಿಡಿಯಿತು, ಇನ್ನೊಮ್ಮೆ ತುಳಿದ, ಅರ್ಧ ಹಿಡಿಯಿತು, ಎಂಜಿನ್ನಿನ ಒತ್ತಾಸೆ ತಪ್ಪಿ ಮೂರನೆಯ ಸಲ ಪಾದದ ಕೆಳಗೆ ಇದ್ದದ್ದು ಪೆಡಲಲ್ಲ, ನೆಲದಿಂದ ಎದ್ದ ಬಂಡೆ. ಸ್ಟೀರಿಂಗು ಯಾರೋ ಆ ಕಡೆಯಿಂದ ಹಿಡಿದುಕೊಂಡಂತೆ ಭಾರವಾಯಿತು. ಕೆಳಗೆ ಹಣ್ಣಿನ ಗಾಡಿಯವಳು ಕೊಡೆ ಬಿಚ್ಚುತ್ತಿದ್ದಳು. ಅವಳ ಗುಲಾಬಿ ಚಪ್ಪಲಿ ಕಾಣಿಸಿತು. ಇಂಥ ಹೊತ್ತಿಗೆ ನಾಯಕರು ಏನಾದರೂ ಹೇಳುತ್ತಾರೆ. ಅವನ ಬಾಯಿಂದ ಬಂದದ್ದು "ಬ್ರೇಕ್, ಬ್ರೇಕ್" ಎಂಬ ಎರಡು ಮಾತು, ಅದೂ ಕೀರಲು ಧ್ವನಿಯಲ್ಲಿ. ಮುದುಕನ ಕೈ ಪಕ್ಕದಿಂದ ಬಂದು ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ, ಬಸ್ಸಿನ ತುಂಬ ಜನ ನಿಂತಿದ್ದಾರೆಂಬಂತೆ, ಮೇಲಕ್ಕೆಳೆಯಿತು. ಕಾರು ನಿಂತಿತು.

ಹಣ್ಣಿನವಳು ತಲೆಯೆತ್ತಿಯೂ ನೋಡಲಿಲ್ಲ.

"ಕಲ್ಲಾಯ್ತಾ?" ಎಂದ ದೊಡ್ಡಪ್ಪ.

"ಆಯ್ತು."

"ಹೂಂ."

ಅಷ್ಟೇ. ಗೆದ್ದವನ ಧ್ವನಿಯಲ್ಲ ಅದು. ದಿಂಗ್‌ಯುವಾನ್ ಮತ್ತೆ ಸ್ಕ್ಯಾನರು ಚುಚ್ಚಿದ. ದೋಷ ಕಂಡುಬಂದಿಲ್ಲ. ಅವನಿಗೆ ನಗು ಬಂತು, ನಗು ಅರ್ಧಕ್ಕೇ ಅಳುವಿನ ಹಾಗೆ ತಿರುಗಿತು. ಕೆಮ್ಮಿದ.

ನಟ್ಟುಗಳು ಹತ್ತು ನಿಮಿಷವೂ ತೆಗೆದುಕೊಳ್ಳಲಿಲ್ಲ. ಹತ್ತು ನಿಮಿಷ! ವೈಪರಿನ ಕೆಳಗಿನ ಪ್ಲಾಸ್ಟಿಕ್ಕು ಎತ್ತಿದರೆ ಒಳಗೆ ಕೆರೆ. ತೊಟ್ಟಿಯಲ್ಲಿ ಗೇಣು ನೀರು, ಮೂತಿ ಇಳಿಜಾರಿಗಿದ್ದುದರಿಂದ ಎಲ್ಲವೂ ಮುಂದಕ್ಕೆ ಬಂದು ಕಂಪ್ಯೂಟರಿನ ಪೆಟ್ಟಿಗೆಯನ್ನು ಅರ್ಧ ಮುಳುಗಿಸಿತ್ತು. ಕಾರು ಇಳಿಯುವಾಗ ನೀರು ಉಕ್ಕಿ ಕನೆಕ್ಟರಿಗೆ ಬಡಿಯುತ್ತದೆ, ನಿಂತೊಡನೆ ತಗ್ಗುತ್ತದೆ, ಪೆಟ್ಟಿಗೆ ತಲೆ ಎತ್ತುತ್ತದೆ, ಗುಮಾಸ್ತ ಎದ್ದು ಕೂರುತ್ತಾನೆ. ಕನೆಕ್ಟರು ಬಿಚ್ಚಿ ನೋಡಿದ. ಪಿನ್ನುಗಳಿಗೆ ಹಸಿರು ಪಾಚಿಯಂಥ ಕಿಲುಬು. ನೀರು ಹೋಗಲೆಂದೇ ತೊಟ್ಟಿಯ ತಳದಲ್ಲಿ ತೂತಿರುತ್ತದೆ. ಎಲೆ ಸಿಕ್ಕಿರಬೇಕೆಂದು ಕೈ ಇಳಿಬಿಟ್ಟ. ಬೆರಳಿಗೆ ಸಿಕ್ಕಿದ್ದು ಎಲೆಯಲ್ಲ. ಮೆತ್ತಗೆ, ಜಾರುತ್ತ, ತೂತಿಗೆ ಬಾಯಿ ಕಚ್ಚಿ ಕೂತಿತ್ತು. ಎಳೆದ. ಕೆರೆ ಗುಳುಗುಳು ಎಂದು ರಸ್ತೆಗೆ ಸುರಿಯಿತು.

ಹಸಿರು ಪೊಟ್ಟಣ. ತೆಂಗಿನಕಾಯಿ ರುಚಿಯ ಜೋಳದ ಕುರುಕಲು, ಅದರ ಹೆಸರಿನ ಅರ್ಥವೇ ಜಾಣಮರಿ ಎಂದು. ಗ್ಯಾರೇಜಿನ ಸ್ಕ್ಯಾನರಿನ ತಲೆಯ ಮೇಲೂ ಅಂಥದ್ದೇ ಒಂದಿತ್ತು, ಚ್ವಾಂಗನ ಗಲ್ಲಾಪೆಟ್ಟಿಗೆಯ ಮೇಲೆ ಇನ್ನೊಂದು. ಈ ನಾಡಿನಲ್ಲಿ ಬ್ಯಾಂಕಿನ ಯಂತ್ರ, ಆಸ್ಪತ್ರೆಯ ಯಂತ್ರ, ರೈಲಿನ ಸಿಗ್ನಲ್ಲು, ಎಲ್ಲದರ ಪಕ್ಕದಲ್ಲೂ ಇಡುತ್ತಾರೆ, ಯಂತ್ರ ಹಟ ಮಾಡದೆ ಜಾಣಮರಿಯಾಗಿರಲಿ ಎಂದು. ಹಸಿರೇ ಆಗಬೇಕು, ತಾರೀಕು ಮುಗಿದಿರಬಾರದು, ಯಂತ್ರಕ್ಕೆ ಇಟ್ಟದ್ದನ್ನು ಯಾರೂ ತಿನ್ನಬಾರದು. ನಗುತ್ತಲೇ ಇಡುತ್ತಾರೆ, ಆದರೆ ಇಡದೆ ಬಿಡುವುದಿಲ್ಲ. ಇದು ಬಿಸಿಗೆ ಬಿರಿದು, ನೀರು ಕುಡಿದು, ಒಳಗಿನದೆಲ್ಲ ಗಂಜಿಯಾಗಿತ್ತು. ಯಾರೋ ತಿಳಿದವರೇ ಇಟ್ಟಿದ್ದರು. ಸೀಟಿನ ಮುಂದಲ್ಲ, ಸರಿಯಾಗಿ ಕಂಪ್ಯೂಟರಿನ ಮಗ್ಗುಲಿಗೇ.

ಎರಡು ಕೈಯಲ್ಲೂ ಅದನ್ನು ಎತ್ತಿಹಿಡಿದು ದಿಂಗ್‌ಯುವಾನ್ ತಿರುಗಿದ. ಎದೆಯೊಳಗೆ ಹಿನ್ನೆಲೆ ಸಂಗೀತ ಶುರುವಾಗಿತ್ತು. ಇದೇ ಸಾಕ್ಷಿ, ದೊಡ್ಡಪ್ಪ ನಿರಪರಾಧಿ, ಕೋರ್ಟಿನ ತುಂಬ ಚಪ್ಪಾಳೆ. "ದೊಡ್ಡಪ್ಪಾ! ಸಿಕ್ತು ನೋಡಿ ಖಳನಾಯಕ! ಯಾವ ಬೇವಾರ್ಸಿ ಇದನ್ನ ಇಲ್ಲಿ..."

ಮುದುಕನ ಮುಖ ನೋಡಿ ಸಂಗೀತ ನಿಂತಿತು.

"ಬಯ್ಬೇಡಪ್ಪ," ಎಂದ ದೊಡ್ಡಪ್ಪ. "ಪೆಯ್‌ರು ಇಟ್ಟಿದ್ದು."

ಹೊಸವರ್ಷದ ಎರಡನೆಯ ದಿನ ಹೆಣ್ಣುಮಕ್ಕಳು ತವರಿಗೆ ಬರುತ್ತಾರಲ್ಲ, ಅವತ್ತು ಬಂದಿದ್ದಳಂತೆ. ಕಂಪ್ಯೂಟರ್ ಚಿಪ್ ಮಾಡುವ ಕಾರ್ಖಾನೆಯಲ್ಲಿ ಅವಳದು ಕೆಲಸ. ಅಲ್ಲಿ ಅವಳ ಪಾಲಿನ ಪ್ರತಿ ಯಂತ್ರಕ್ಕೂ ಅವಳೇ ಪೊಟ್ಟಣ ಇಡುವವಳು. ಊಟದ ಹೊತ್ತಿಗೆ ಕಾಣಲಿಲ್ಲವೆಂದು ಹೊರಗೆ ಬಂದರೆ ಬಾನೆಟ್ಟು ಎತ್ತಿಕೊಂಡು ಬಗ್ಗಿದ್ದಳು. ಅಪ್ಪಾ, ನಿನ್ನ ಕಾರಿನ ಮಿದುಳು ಎಲ್ಲಿದೆ ಅಂತ ಫ್ಯಾಕ್ಟರಿಯವರನ್ನ ಕೇಳ್ಕೊಂಡು ಬಂದಿದೀನಿ, ಎಂದು ನಕ್ಕಿದ್ದಳು. ಒಳಗಿಟ್ಟರೆ ನೀನು ತಿಂದುಬಿಡ್ತೀಯ, ಎಂದಿದ್ದಳು. ದೊಡ್ಡಪ್ಪ ಇದನ್ನೆಲ್ಲ ಮಳೆಯಲ್ಲೇ ನಿಂತು, ಕಣ್ಣನ್ನು ಪೊಟ್ಟಣದಿಂದ ತೆಗೆಯದೆ ಹೇಳಿದ. ಆಮೇಲೆ, "ಅದನ್ನ ಬಿಸಾಕಪ್ಪ," ಎಂದ.

"ಬಿಸಾಕೋದಾ? ದೊಡ್ಡಪ್ಪ, ಅಕ್ಕ ನಿಮ್ಮ ಕಾಲಿಗೆ ಬೀಳ್ತೀನಿ ಅಂದವ್ರೆ!"

"ಕಾಲಿಗೆ ಬಿದ್ದು ಏಳ್ತಾಳಾ?" ದೊಡ್ಡಪ್ಪ ಕೇಳಿದ. "ತಪ್ಪು ನಂದು ಅಂತಾದ್ರೆ ಅವಳು ನನ್ನ ಬೈತಾಳೆ. ಅವಳದೇ ಅಂತಾದ್ರೆ ಯಾರನ್ನ ಬೈತಾಳೆ? ದಿನಾ ಬೆಳಿಗ್ಗೆ ಆ ಹುಡುಗನ ಕಾಲಿಗೆ ಎಣ್ಣೆ ಹಚ್ಚೋಳು ಅವಳು."

"ಆದ್ರೆ ನಿಮ್ಮ ತಪ್ಪೇ ಇಲ್ವಲ್ಲ."

"ನಿಂಗೊತ್ತಾಯ್ತಲ್ಲ. ಸಾಕು."

ದಿಂಗ್‌ಯುವಾನನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ. ಜಗತ್ತಿನಲ್ಲಿ ಮುದುಕನನ್ನು ನಂಬುವ ಒಬ್ಬನೇ ಮನುಷ್ಯ ತಾನು, ಆ ತಾನು ಬಾಯಿ ಮುಚ್ಚಿಕೊಂಡಿರಬೇಕು. ಬಾಯಿ ಒಂದು ಬಿಟ್ಟರೆ ಬೇರೇನೂ ಇಲ್ಲದವನು. ಪಿನ್ನುಗಳಿಗೆ ಸ್ಪಿರಿಟ್ಟು ಹಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತ, ಚ್ವಾಂಗನ ಹೆಂಡತಿಯ ಹೇರ್‌ಡ್ರೈಯರಿನಿಂದ ಪೆಟ್ಟಿಗೆಯನ್ನು ಒಣಗಿಸುತ್ತ ಅವನು ಇನ್ನೊಂದು ವಿಷಯವನ್ನೂ ಗಮನಿಸಿದ. ಎದೆಯ ಎಲ್ಲೋ ಒಂದು ಕಡೆ ಹಾಯೆನಿಸಿತ್ತು. ನಿಜ ಹೊರಬರದಿದ್ದರೆ, ಹತ್ತು ನಿಮಿಷ ಬಗ್ಗದೆ ತೀರ್ಪು ಕೊಟ್ಟ ಮೆಕ್ಯಾನಿಕ್ಕಿನ ವಿಷಯವೂ ಹೊರಬರುವುದಿಲ್ಲ. ಹಾಗಾದರೆ ಸುಮ್ಮನಿರುವುದು ಯಾರಿಗಾಗಿ? ಮುದುಕನಿಗಾಗಿ ಎಂದು ಒಂದು ಸಲ ಹೇಳಿಕೊಂಡ, ಅಕ್ಕನಿಗಾಗಿ ಎಂದು ಇನ್ನೊಂದು ಸಲ. ಎರಡೂ ಚೆನ್ನಾಗಿ ಕೇಳಿಸಿದವು. ಚೆನ್ನಾಗಿ ಕೇಳಿಸಿದ್ದರಿಂದಲೇ ಅನುಮಾನವಾಯಿತು. ಪೆಟ್ಟಿಗೆಯ ರಬ್ಬರಿನ ಅಂಚಿಗೆ ಅಂಟು ತುಂಬಿ, ಬಕೆಟ್ಟಿನಿಂದ ಗಾಜಿನ ಮೇಲೆ ನೀರು ಹೊಯ್ದು ಹೊಯ್ದು, ಕಾರನ್ನು ಇಳಿಜಾರಿನಲ್ಲಿ ಮತ್ತೆ ಮತ್ತೆ ಇಳಿಸಿ ಹತ್ತಿಸಿದ. ಎಂಜಿನ್ನು ಒಂದು ಸಲವೂ ಉಸಿರು ತಪ್ಪಲಿಲ್ಲ. ಮುದುಕನ ಪರವಾಗಿ ಇದ್ದ ಕೊನೆಯ ಸಾಕ್ಷಿಯನ್ನು ತನ್ನ ಕೈಯಾರೆ ವಾಸಿ ಮಾಡಿದ್ದ.

ಪೆಯ್‌ರು ಬಂದಾಗ ಪೊಟ್ಟಣವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಪ್ಯಾಂಟಿನ ಜೇಬಿಗೆ ತುರುಕಿಕೊಂಡ. ಕಾರ್ಖಾನೆಯ ಜಾಕೀಟು, ತೊಯ್ದ ಕೊಡೆ, ನಿದ್ದೆಯಿಲ್ಲದ ಕಣ್ಣು. ಸ್ಟೂಲಿನ ಮೇಲೆ ಕೂತಿದ್ದ ತಂದೆಯನ್ನು ದಾಟಿ ನೇರ ದಿಂಗ್‌ಯುವಾನನ ಹತ್ತಿರ ಬಂದಳು.

"ಅವರು ಊಟ ಮಾಡಿದ್ರಾ ಕೇಳು."

"ಮಾಡಿದೆ ಅಂತ ಹೇಳಪ್ಪ," ಎಂದ ದೊಡ್ಡಪ್ಪ, ಅವಳ ಮೊಣಕೈ ಪಕ್ಕದಿಂದ.

"ಕಂಪ್ಯೂಟರ್ ಬಿಚ್ಚಿ ನೋಡಿದ್ಯಾ?"

"ನೋಡ್ದೆ ಅಕ್ಕ."

ಅವಳು ಕೊಡೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಅದರ ಪಕ್ಕ ಒಂದು ಹಸಿರು ಪೊಟ್ಟಣ ಇತ್ತಲ್ಲ? ನಾನೇ ಇಟ್ಟಿದ್ದು. ಇವತ್ತು ಫ್ಯಾಕ್ಟರೀಲಿ ಹೊಸದು ಇಡ್ತಾ ಇರೋವಾಗ ಥಟ್ ಅಂತ ನೆನಪಾಯ್ತು. ತಾರೀಕು ಮುಗ್ದು ಎಷ್ಟೋ ದಿನ ಆಗಿರತ್ತೆ. ಎಲ್ಲ ಮಿಷನ್ನಿಂದೂ ಬದಲಾಯಿಸ್ತೀನಿ, ಅಪ್ಪನ ಕಾರಿಂದು ಮರ್ತೇಬಿಟ್ಟೆ." "ಅದಕ್ಕೇ ಏನಾದ್ರೂ... ನಗ್ಬೇಡ. ನಿಜ ಹೇಳು. ನನ್ನಿಂದ ಏನಾದ್ರೂ ಆಯ್ತಾ?"

ಜೇಬಿನಿಂದ ತಣ್ಣನೆಯ ನೀರು ತೊಡೆಯ ಮೇಲೆ ಇಳಿಯುತ್ತಿತ್ತು. ದಿಂಗ್‌ಯುವಾನ್ ಬಾಯಿ ತೆರೆದ. ಜೀವಮಾನದಲ್ಲಿ ಮೊದಲ ಸಲ ಅದರಲ್ಲಿ ಏನೂ ಇರಲಿಲ್ಲ.

"ನಾನು ತಿಂದ್ಬಿಟ್ಟೆ," ಎಂದ ದೊಡ್ಡಪ್ಪ.

ಪೆಯ್‌ರು ತಿರುಗಿದಳು. "ಏನು?" ಆಸ್ಪತ್ರೆಯ ವರಾಂಡದ ನಂತರ ತಂದೆಗೆ ಅವಳು ನೇರವಾಗಿ ಆಡಿದ ಮೊದಲ ಮಾತು.

"ಆ ಪೊಟ್ಟಣ. ಬೇಸಿಗೇಲೇ. ವೈಪರ್‌ಗೆ ನೀರು ಹಾಕೋಣ ಅಂತ ಬಾನೆಟ್ ಎತ್ತಿದ್ದೆ, ಮೂಲೇಲಿ ಇಣುಕ್ತಿತ್ತು. ಹಸಿವಾಗಿತ್ತು."

"ಮಿಷನ್‌ಗೆ ಇಟ್ಟಿದ್ದನ್ನ ತಿಂದ್ಯಾ? ಅಪ್ಪಾ!"

"ಸ್ವಲ್ಪ ಮೆತ್ತಗಾಗಿತ್ತು. ರುಚಿ ಚೆನ್ನಾಗೇ ಇತ್ತು."

ಅವಳ ಕಣ್ಣು ದಿಂಗ್‌ಯುವಾನನ ಕಡೆಗೆ ಬಂತು. "ನಿಂಗೇನೂ ಸಿಗ್ಲಿಲ್ವಾ ಹಾಗಾದ್ರೆ?"

"ಇಲ್ಲ ಅಕ್ಕ. ಅಲ್ಲೇನೂ ಇರ್ಲಿಲ್ಲ."

"ಕಂಪ್ಯೂಟರು?"

"ಚೆನ್ನಾಗಿದೆ. ಮುಂದಿನ ವಾರ ಒಂದ್ಸಲ ತಗೊಂಡ್ಬನ್ನಿ, ಸರ್ವೀಸಿಗೆ." ಹೊಸ ಪೆಟ್ಟಿಗೆ ಅವಳಿಗೆ ತಿಳಿಯದಂತೆ ಹಾಕಬೇಕು, ಅಷ್ಟಾದರೂ ಮಾಡಬೇಕು.

ಪೆಯ್‌ರು ಒಂದು ಉಸಿರು ಬಿಟ್ಟಳು. ಬಹಳ ದಿನದಿಂದ ಹಿಡಿದಿಟ್ಟದ್ದು. ಆಮೇಲೆ ಶುರುವಾಯಿತು. "ಸಕ್ಕರೆ ಕಾಯಿಲೆ ಇಟ್ಕೊಂಡು, ನಾಚಿಕೆ ಆಗಲ್ವಾ ನಿಂಗೆ? ಕೈಗೆ ಸಿಕ್ಕಿದ್ದು ಬಾಯಿಗೆ, ಕಾಲಿಗೆ ಸಿಕ್ಕಿದ್ದು ತುಳಿಯೋದು! ಮಗು ಕಾಲು ಮುರಿದು ಕೂತಿದೆ. ಎಷ್ಟು ದಿನದಿಂದ ಕಾರಿಂದು ತಪ್ಪು ಕಾರಿಂದು ತಪ್ಪು ಅಂತ ಊರಿಗೆಲ್ಲ... ಕೀ ಕೊಡು."

ಆಗಲೇ ವಾಪಸು ಇಸಿದುಕೊಂಡಿದ್ದ ಕೀಯನ್ನು ದೊಡ್ಡಪ್ಪ ಜಾಕೀಟಿನ ಒಳಜೇಬಿನಿಂದ ತೆಗೆದು ಕೊಟ್ಟ.

"ಇನ್ಮೇಲೆ ಕಾರು ಮುಟ್ಟೋ ಹಾಗಿಲ್ಲ."

"ಇಲ್ಲಮ್ಮ."

"ಬಸ್ಸಲ್ಲಿ ಓಡಾಡು."

"ಆಯ್ತಮ್ಮ."

"ಬಸ್ಸಲ್ಲೂ ಹಿಂದಿನ ಸೀಟಲ್ಲೇ ಕೂತ್ಕೊ. ಡ್ರೈವರ್‌ಗೆ ಬುದ್ಧಿ ಹೇಳೋಕೆ ಹೋಗ್ಬೇಡ."

"ಇಲ್ಲಮ್ಮ," ಎಂದ ಮುದುಕ. ಅವನ ಮುಖದಲ್ಲಿ ಇದ್ದದ್ದು ಏನೆಂದು ದಿಂಗ್‌ಯುವಾನನಿಗೆ ತಿಳಿಯಲಿಲ್ಲ. ಸಂತೋಷ ಎನ್ನಲು ಧೈರ್ಯ ಸಾಲಲಿಲ್ಲ. ಅವಳು ಬೈಯುತ್ತಲೇ ತಂದೆಗೆ ಬಾಗಿಲು ತೆಗೆದಳು, ಬೈಯುತ್ತಲೇ ಬಗ್ಗಿ ಬೆಲ್ಟು ಹಾಕಿದಳು, ಕಾರು ರಸ್ತೆಗಿಳಿದಮೇಲೂ ಮುಚ್ಚಿದ ಗಾಜಿನ ಹಿಂದೆ ಅವಳ ಬಾಯಿ ಆಡುತ್ತಲೇ ಇತ್ತು.

ಚ್ವಾಂಗ್ ಆಕಳಿಸುತ್ತ ಹೊರಬಂದು ಪಕ್ಕದಲ್ಲಿ ನಿಂತ. "ಏನಾಗಿತ್ತೋ ಅದಕ್ಕೆ ಕೊನೆಗೂ?"

ಇಲ್ಲಿ ಅಕ್ಕ ಇರಲಿಲ್ಲ, ದೊಡ್ಡಪ್ಪ ಇರಲಿಲ್ಲ. ಆದರೆ ಚ್ವಾಂಗನಿಗೆ ಹೇಳಿದ್ದು ದೀಪ ಹತ್ತುವುದರೊಳಗೆ ಬಂದರಿನವರೆಗೂ ಹೋಗುತ್ತದೆ.

"ಏನೂ ಇಲ್ಲ," ಎಂದ ದಿಂಗ್‌ಯುವಾನ್. "ದೊಡ್ಡಪ್ಪ ಪೆಡಲ್ ತಪ್ಪಿ ತುಳಿದಿದಾರೆ."

"ನಾನವತ್ತೇ ಅಂದೆ," ಎಂದು ಚ್ವಾಂಗ್ ಟೀಗೆ ನೀರಿಡಲು ಒಳಗೆ ಹೋದ.

ಕೆಳಗಿನ ತಿರುವಿನಲ್ಲಿ ಕಾರಿನ ಬ್ರೇಕಿನ ಕೆಂಪು ದೀಪ ಹತ್ತಿತು. ಪಕ್ಕದ ಸೀಟಿನಲ್ಲಿ ಮುದುಕನ ಭುಜ ಹಿಂದಕ್ಕೆ ಒತ್ತಿಕೊಂಡದ್ದು ಹಿಂದಿನ ಗಾಜಿನಲ್ಲಿ ಕಂಡಿತು, ದೀಪಕ್ಕಿಂತ ಒಂದು ಕ್ಷಣ ಮೊದಲು. ಏನೂ ಇಲ್ಲದ ನೆಲವನ್ನು ಅವನ ಬಲಗಾಲು ಒತ್ತುತ್ತಿರಬೇಕು, ನಿಧಾನವಾಗಿ, ನಿಂತವರು ಯಾರೂ ಬೀಳದಂತೆ.